ರೋಥನ್‌ಬುರ್ಗ್‌ಗೆ ಹೋದರೆ ರಾತ್ರಿ ಉಳಿಯಿರಿ

ಜರ್ಮನಿಯ ಬವೇರಿಯಾದಲ್ಲಿ, ಟೌಬರ್ ನದಿಯ ಕಣಿವೆಯ ಅಂಚಿನಲ್ಲಿ ಕೂತಿರುವ ರೋಥನ್‌ಬುರ್ಗ್ ಸುಮಾರು 11,000 ಜನರ ಊರು. ಹಗಲಲ್ಲಿ ಟೂರ್ ಬಸ್ಸುಗಳ ಜನ ಬೀದಿ ತುಂಬಿರುತ್ತಾರೆ. ಸಂಜೆ ಬಸ್ಸುಗಳು ಹೊರಟ ಮೇಲೆ ಕಲ್ಲುಹಾಸಿನ ಮೇಲೆ ನಿಮ್ಮ ಹೆಜ್ಜೆ ಸದ್ದು ನಿಮಗೇ ಕೇಳುತ್ತದೆ. ಅದಕ್ಕೇ ಇಲ್ಲಿ ಒಂದು ರಾತ್ರಿ ಇರಲೇಬೇಕು.

ವ್ಯೂರ್ಟ್ಸ್‌ಬುರ್ಗ್‌ನಿಂದ ಬರುವವರು ಸ್ಟೈನಾಖ್‌ನಲ್ಲಿ ಇಳಿದು ಚಿಕ್ಕ ರೈಲು ಹಿಡಿಯಬೇಕು. ಅಲ್ಲಿಂದ ಕಾಲು ಗಂಟೆ. ಸ್ಟೇಷನ್ನಿನಿಂದ ಕೋಟೆಯ ರೋಡರ್ ಬಾಗಿಲಿಗೆ ಹತ್ತು ನಿಮಿಷದ ನಡಿಗೆ. ಬಾಗಿಲು ದಾಟಿದರೆ ಉಬ್ಬುತಗ್ಗಿನ ಕಲ್ಲುಹಾಸು, ಗಾಲಿ ಸೂಟ್‌ಕೇಸ್ ಎಳೆಯಲು ಬಹಳ ಕಷ್ಟ. ಬೆನ್ನಿಗೆ ಹಾಕುವ ಚೀಲವೇ ಸರಿ.

ಮೊದಲು ಕೋಟೆಗೋಡೆ ಹತ್ತಿ, ಟಿಕೆಟ್ ಇಲ್ಲ. ಮೇಲೆ ಹೆಂಚಿನ ಮಾಡು ಇರುವುದರಿಂದ ಮಳೆಯಲ್ಲೂ ನಡೆಯಬಹುದು. ಆದರೆ ದಾರಿ ಇಕ್ಕಟ್ಟು, ತೊಲೆಗಳು ತಗ್ಗು, ಎತ್ತರದವರು ತಲೆ ಬಗ್ಗಿಸದಿದ್ದರೆ ಪೆಟ್ಟು ಖಂಡಿತ. ನಡೆಯುತ್ತ ಒಳಗೋಡೆಯ ಕಲ್ಲುಗಳನ್ನು ಓದಿ: ಒಂದೊಂದರ ಮೇಲೂ ಒಬ್ಬರ ಹೆಸರು, ಅವರ ದುಡ್ಡಿನಲ್ಲಿ ಕಟ್ಟಿದ ಮೀಟರ್ ಲೆಕ್ಕ. 1945ರ ಮಾರ್ಚ್ 31ರ ಬಾಂಬ್ ದಾಳಿಯಲ್ಲಿ ಊರಿನ ಪೂರ್ವ ಭಾಗವೂ ಗೋಡೆಯ ಉದ್ದನೆಯ ತುಂಡೂ ನಾಶವಾದವು. ಜಪಾನಿನವರೂ ಸೇರಿ ದೂರದೂರದ ಜನ ದುಡ್ಡು ಕಳಿಸಿ ಗೋಡೆಯನ್ನು ಮತ್ತೆ ನಿಲ್ಲಿಸಿದರು. ಎಲ್ಲವೂ ಮಧ್ಯಯುಗದ್ದೇ ಎಂದು ನಂಬಿ ನೋಡುವವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ನನ್ನ ಮಟ್ಟಿಗೆ ಇಡೀ ಊರಿನಲ್ಲಿ ಮನಸ್ಸಿಗೆ ತಟ್ಟುವುದು ಈ ಹೆಸರುಗಳೇ.

ಬೆಂಕಿ ಮುಟ್ಟದ ಪಶ್ಚಿಮ ಭಾಗದ ಮನೆಗಳನ್ನು ಉಳಿಸಿದ್ದು ಬಡತನ. 1274ರಿಂದ ಸ್ವತಂತ್ರ ಸಾಮ್ರಾಜ್ಯ ನಗರವಾಗಿ, ಅಂದರೆ ನೇರವಾಗಿ ಚಕ್ರವರ್ತಿಗಷ್ಟೇ ಅಧೀನವಾಗಿ ಮೆರೆದಿದ್ದ ಊರು, ಯುರೋಪಿನ ಮೂವತ್ತು ವರ್ಷಗಳ ಯುದ್ಧದಲ್ಲಿ (1618–48) 1631ರಲ್ಲಿ ಶತ್ರು ಸೈನ್ಯದ ವಶವಾಗಿ ಸೊರಗಿತು. ಹಳೆಯದನ್ನು ಕೆಡವಿ ಹೊಸದು ಕಟ್ಟಲು ಆಮೇಲೆ ಯಾರ ಕೈಯಲ್ಲೂ ಕಾಸಿರಲಿಲ್ಲ.

ಸೇಂಟ್ ಯಾಕೋಬ್ ಚರ್ಚಿಗೆ ಸಣ್ಣ ಪ್ರವೇಶ ಶುಲ್ಕವಿದೆ. ಅನೇಕರು ಕೆಳಗಿನ ಮುಖ್ಯ ಬಲಿಪೀಠ ನೋಡಿ ಹೊರಟುಬಿಡುತ್ತಾರೆ. ಪಶ್ಚಿಮ ತುದಿಯ ಮೆಟ್ಟಿಲು ಹತ್ತಿ. ಶಿಲ್ಪಿ ಟಿಲ್ಮನ್ ರೀಮೆನ್‌ಶ್ನೈಡರ್ 1500ರ ಆಸುಪಾಸಿನಲ್ಲಿ ಲಿಂಡನ್ ಮರದಲ್ಲಿ ಕೆತ್ತಿದ ‘ಪವಿತ್ರ ರಕ್ತದ ಬಲಿಪೀಠ’ ಅಲ್ಲಿದೆ. ಬಣ್ಣ ಬಳಿದಿಲ್ಲ, ನೆರಳು-ಬೆಳಕೇ ಬಣ್ಣ. ಶಿಷ್ಯರ ಜೊತೆ ಯೇಸುವಿನ ಕೊನೆಯ ಭೋಜನದ ನಟ್ಟನಡುವೆ, ಕೈಯಲ್ಲಿ ಹಣದ ಚೀಲ ಹಿಡಿದು ನಿಂತವನು ಅವನಿಗೆ ದ್ರೋಹ ಬಗೆದ ಯೂದಾಸ. ಯೇಸು ಪಕ್ಕಕ್ಕೆ ಸರಿದಿದ್ದಾನೆ. ಹೀಗೆ ಕೆತ್ತಲು ಎದೆಗಾರಿಕೆ ಬೇಕು! ಇಲ್ಲಿಗೆ ಅರ್ಧ ಗಂಟೆಯಾದರೂ ಇಟ್ಟುಕೊಳ್ಳಿ.

ಶ್ನೇಬಾಲ್ ಎಂಬ ಕರಿದ ಉಂಡೆ ತಿನ್ನುವುದಾದರೆ ಚಾಕೊಲೇಟ್ ಮೆತ್ತಿದ್ದು ಬಿಟ್ಟು ಸಕ್ಕರೆ ಪುಡಿ ಉದುರಿಸಿದ್ದನ್ನು, ಅದೇ ದಿನ ಮಾಡಿದ್ದನ್ನು ಕೇಳಿ. ಹಳೆಯದಾದರೆ ಒಣಗಿ ಗಂಟಲಿಗೆ ಅಂಟುತ್ತದೆ.

ರಾತ್ರಿ 8ಕ್ಕೆ ಮಾರುಕಟ್ಟೆ ಚೌಕದಿಂದ ಹಳೆಯ ಕಾಲದ ಕಾವಲುಗಾರನ ವೇಷದಲ್ಲಿ ಲಾಟೀನು ಹಿಡಿದ ಗೈಡ್ ಜೊತೆ ಇಂಗ್ಲಿಷಿನಲ್ಲಿ ಸುತ್ತಾಟವಿರುತ್ತದೆ. ವರ್ಷದ ಮೊದಲ ತಿಂಗಳುಗಳಲ್ಲಿ ಮಾತ್ರ ಇರುವುದಿಲ್ಲ. ಪ್ಲೋನ್‌ಲೈನ್ ಎಂಬ ಕವಲಿನಲ್ಲಿ, ಎರಡು ಗೋಪುರಗಳ ನಡುವಿನ ಹಳದಿ ಮನೆಯ ಫೋಟೊ ಬೇಕಿದ್ದರೆ ಮರುದಿನ ಏಳು ಗಂಟೆಯೊಳಗೆ ಅಲ್ಲಿರಿ. ಬೀದಿ ಖಾಲಿ ಇರುತ್ತದೆ.