ಮರವಂತೆಯ ಮರಳಲ್ಲಿ ಬೆಳಕಿನ ಗೀಟು

ತಂಗಿ ಮನೆ ಕುಂದಾಪುರದಲ್ಲಿ. ಜನವರಿಯ ಅಮಾವಾಸ್ಯೆ ನೋಡಿಕೊಂಡೇ ಬೆಂಗಳೂರಿನಿಂದ ಪಂಚಗಂಗಾ ರೈಲು ಹತ್ತಿದ್ದೆ. ಲೈಟ್ ಪೇಂಟಿಂಗ್ ಮಾಡಬೇಕಿತ್ತು, ಅಂದರೆ ಕತ್ತಲಲ್ಲಿ ಕ್ಯಾಮೆರಾದ ಕಣ್ಣು ತುಂಬಾ ಹೊತ್ತು ತೆರೆದಿಟ್ಟು, ದೀಪ ಆಡಿಸಿ ಗಾಳಿಯಲ್ಲಿ ಚಿತ್ರ ಬರೆಯುವುದು. ಚೀಲದಲ್ಲಿ ಕ್ಯಾಮೆರಾ, ಟ್ರೈಪಾಡ್, ಎರಡು ಸಣ್ಣ ಟಾರ್ಚು, ಬಣ್ಣದ ಜಿಲಾಟಿನ್ ಕಾಗದ, ಒಂದಿಷ್ಟು ಹುರಿ. ತಂಗಿಯ ಮಗಳು ದೀಪಾವಳಿಯಲ್ಲಿ ಉಳಿಸಿಟ್ಟಿದ್ದ ಸುರುಸುರುಬತ್ತಿ ಪೊಟ್ಟಣ ತಂದು ಕೈಗಿಟ್ಟಳು. ಅವಳಿಗೆ ಹತ್ತು ವರ್ಷ.

ಮರವಂತೆ ಗೊತ್ತಲ್ವಾ? ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಹಗಲಲ್ಲಿ ಎಲ್ಲರೂ ಅದನ್ನೇ ನೋಡಲು ಬರುತ್ತಾರೆ. ನಮಗೆ ಬೇಕಿದ್ದದ್ದು ಕತ್ತಲು. ಅಮಾವಾಸ್ಯೆಯ ಸಂಜೆ ಕಡಲು ಚೆನ್ನಾಗಿ ಇಳಿದಿರುತ್ತದೆ, ಒದ್ದೆ ಮರಳು ಕನ್ನಡಿಯ ಹಾಗೆ ಹೊಳೆಯುತ್ತದೆ. ಅದರ ಮೇಲೆ ಬೆಳಕು ಆಡಿಸಿದರೆ ಮೇಲೊಂದು ಚಿತ್ರ, ಕೆಳಗೊಂದು ಚಿತ್ರ.

ಕತ್ತಲಾಗಲು ಕಾಯುತ್ತಾ ಅವಳಿಗೆ ಚಿತ್ರಕಾರ ಪಿಕಾಸೋ ಕಥೆ ಹೇಳಿದೆ. 1949ರಲ್ಲಿ ಜಾನ್ ಮಿಲಿ ಎಂಬ ಫೋಟೋಗ್ರಾಫರ್ ಅವನನ್ನು ನೋಡಲು ಫ್ರಾನ್ಸಿಗೆ ಹೋಗಿದ್ದ. ಸ್ಕೇಟಿಂಗ್ ಮಾಡುವವರ ಬೂಟಿಗೆ ಪುಟ್ಟ ದೀಪ ಕಟ್ಟಿ ತೆಗೆದ ಫೋಟೋಗಳನ್ನು ತೋರಿಸಿದ. ಪಿಕಾಸೋ ಕತ್ತಲಲ್ಲಿ ಒಂದು ಸಣ್ಣ ದೀಪ ಹಿಡಿದು ಗಾಳಿಯಲ್ಲೇ ಚಿತ್ರ ಬಿಡಿಸಿದ. "ಹಾಂಗಾರೆ ಅದ್ ಸುರುಸುರುಬತ್ತಿನೇ ಅಲ್ದಾ?" ಅಂದಳು. ಹೌದು, ಅದೇ. ನಾವು ಬರೆದದ್ದು ಕಣ್ಣ ಮುಂದೆಯೇ ಅಳಿಸಿಹೋಗುತ್ತದೆ, ಕ್ಯಾಮೆರಾ ಅದನ್ನು ಉಳಿಸಿಕೊಳ್ಳುತ್ತದೆ. ನನಗೆ ಈ ಹುಚ್ಚು ಹತ್ತಿದ್ದೂ ಅದಕ್ಕೇ.

ಏಳು ಗಂಟೆಗೆ ಪಡುವಣದಲ್ಲಿ ಇನ್ನೂ ಸ್ವಲ್ಪ ನೀಲಿ ಉಳಿದಿತ್ತು. ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಐಎಸ್‌ಒ 100, ಲೆನ್ಸಿನ ಕಿಂಡಿ ಎಫ್ 8, ಕ್ಯಾಮೆರಾದ ಕಣ್ಣು ತೆರೆದಿರುವುದು 30 ಸೆಕೆಂಡು. ಅವಳು ನಿಲ್ಲುವ ಜಾಗಕ್ಕೆ ಟಾರ್ಚ್ ಬಿಟ್ಟು ಫೋಕಸ್ ಮಾಡಿ, ಆಮೇಲೆ ಫೋಕಸನ್ನು ಮ್ಯಾನುವಲ್‌ಗೆ ಹಾಕಿದೆ. ಇಲ್ಲದಿದ್ದರೆ ಕತ್ತಲಲ್ಲಿ ಲೆನ್ಸ್ ಸುಮ್ನೆ ಹುಡುಕಾಡುತ್ತದೆ. ನೀಲಿ ಪೂರ್ತಿ ಹೋದ ಮೇಲೆ, ಹೆಚ್ಚು ಬೆಳಕು ಸಿಗಲಿ ಅಂತ, ಎಫ್ 4, ಐಎಸ್‌ಒ 400ಕ್ಕೆ ಬಂದೆ.

ಮೊದಲ ಫೋಟೋದಲ್ಲಿ ನಾನು ಹುರಿಗೆ ಟಾರ್ಚ್ ಕಟ್ಟಿ ತಿರುಗಿಸಿದೆ. ಚಕ್ರ ಸುತ್ತುತ್ತಲೇ ಮರಳಲ್ಲಿ ಇಟ್ಟ ಒಂದು ಚಿಪ್ಪಿನ ಸುತ್ತ ಹೆಜ್ಜೆ ಹಾಕುತ್ತಾ ಹೋಗಬೇಕು. ಟಾರ್ಚ್ ಪ್ರತಿ ಸುತ್ತಿನಲ್ಲೂ ಆ ಚಿಪ್ಪಿನ ಮೇಲೆಯೇ ಹಾದುಹೋಗಬೇಕು. ಆಗ ಗೆರೆಗಳು ಸೇರಿ ಗೋಳ ಆಗುತ್ತದೆ. ಕ್ಯಾಮೆರಾದ ಪರದೆ ನೋಡಿ ಅವಳು ಕೂಗಿದಳು: "ಮಾವ, ನೀವ್ ಎಲ್ಲಿಗ್ ಹೋದ್ರಿ?" ಗೋಳ ಇತ್ತು, ನಾನಿರಲಿಲ್ಲ. ಕಪ್ಪು ಅಂಗಿ ಹಾಕಿದ್ದೆ, ಒಂದು ಕಡೆ ನಿಂತಿರಲಿಲ್ಲ, ಮೈಮೇಲೆ ಬೆಳಕೂ ಬಿದ್ದಿರಲಿಲ್ಲ. ಅಲೆಗಳೂ ಇರಲಿಲ್ಲ, 30 ಸೆಕೆಂಡಿನಲ್ಲಿ ಎಲ್ಲ ಸೇರಿ ಹಿಂಜಿದ ಹತ್ತಿಯಂತಾಗಿದ್ದವು. ದೂರದ ಮೀನುದೋಣಿಗಳ ದೀಪ ಮಾತ್ರ ಓಲಾಡಿ ಪುಟ್ಟ ಪುಟ್ಟ ಗೀಟುಗಳಾಗಿದ್ದವು. ಅವುಗಳನ್ನು ಯಾರೂ ಬರೆದದ್ದಲ್ಲ. ನನಗೆ ಗೋಳಕ್ಕಿಂತ ಅವೇ ಜಾಸ್ತಿ ಹಿಡಿಸಿದವು.

ಎರಡು ಫೋಟೋ ಹೆದ್ದಾರಿಯ ಲಾರಿ ಬೆಳಕಿಗೆ ಹಾಳಾದವು. ತಿರುವಿನಲ್ಲಿ ಬಂದ ಹೆಡ್‌ಲೈಟ್ ಮರಳನ್ನೆಲ್ಲ ಬೆಳ್ಳಗೆ ಮಾಡಿಬಿಟ್ಟಿತು. ಲಾರಿ ಬರುವಾಗ ಲೆನ್ಸಿಗೆ ಟೋಪಿ ಅಡ್ಡ ಹಿಡಿದು, ಹೋದ ಮೇಲೆ ತೆಗೆದರೆ ಸಾಕು ಅಂತ ಆಮೇಲೆ ಹೊಳೆಯಿತು.

ಪಾತ್ರೆ ತಿಕ್ಕುವ ಸ್ಟೀಲ್ ನಾರಿಗೆ ಬೆಂಕಿ ಹಚ್ಚಿ ತಿರುಗಿಸುವುದನ್ನು ತುಂಬಾ ಜನ ಮಾಡುತ್ತಾರೆ. ಕಿಡಿಯ ಮಳೆ ಚೆಂದ ಬರುತ್ತದೆ ನಿಜ. ಆದರೆ ಅಲ್ಲೇ ದಡದಲ್ಲಿ ದೋಣಿ, ಬಲೆ ಇದ್ದವು. ಒಂದು ಕಿಡಿ ಬಲೆಯ ಮೇಲೆ ಬಿದ್ದರೆ ಒಂದು ಮನೆಯ ದುಡಿಮೆ ಹೋಗುತ್ತದೆ. ನಾನು ಅದನ್ನು ಮುಟ್ಟಲಿಲ್ಲ. ಈ ಕರಾವಳಿಗೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಮರಿಗಳು ಬೆಳಕು ಕಂಡರೆ ದಾರಿ ತಪ್ಪುತ್ತವೆ. ಹಾಗಾಗಿ ದೊಡ್ಡ ದೀಪವನ್ನೂ ತಂದಿರಲಿಲ್ಲ.

ಈಗ ಅವಳ ಸರದಿ. ಸುರುಸುರುಬತ್ತಿಯಲ್ಲಿ "ಕಡಲು" ಅಂತ ಬರೆದಳು. ಫೋಟೋದಲ್ಲಿ ಎಲ್ಲ ತಿರುಗುಮುರುಗು. ಕ್ಯಾಮೆರಾಕ್ಕೆ ಮುಖ ಮಾಡಿ ಬರೆದರೆ ಹಾಗೇ ಬರುತ್ತದೆ, ಬೆನ್ನು ತಿರುಗಿಸಿದರೆ ಮೈ ಅಡ್ಡ ಬರುತ್ತದೆ. ಕಂಪ್ಯೂಟರಿನಲ್ಲಿ ಫೋಟೋವನ್ನೇ ತಿರುಗಿಸಬಹುದು ಅಂದೆ. ಅವಳು ಒಪ್ಪಲಿಲ್ಲ. "ಆಗ ದೋಣಿ ಎಲ್ಲ ಆಚೆ ಬದಿಗ್ ಹೋತ್ ಅಲ್ದಾ?" ಅಂದಳು. ಮರಳಲ್ಲಿ ಕೂತು ಬೆರಳಿನಿಂದ ಉಲ್ಟಾ ಅಕ್ಷರ ತಿದ್ದಿದಳು. "ಕ" ಬೇಗ ಬಂತು, "ಡ" ಅವಳನ್ನು ಬಹಳ ಕಾಡಿತು. ಸೊನ್ನೆ ಒಂದೇ ಹೇಗೆ ಬರೆದರೂ ಸರಿ ಅಂತ ತಾನೇ ಕಂಡುಕೊಂಡಳು.

ಅಷ್ಟರಲ್ಲಿ ನೀರು ಏರತೊಡಗಿತ್ತು. ಟ್ರೈಪಾಡಿನ ಒಂದು ಕಾಲು ಮರಳಲ್ಲಿ ಇಳಿದು ಎರಡು ಫೋಟೋ ಅಲುಗಿದವು. ಕಾಲಡಿಗೆ ಚಪ್ಪಟೆ ಕಲ್ಲು ಕೊಟ್ಟೆ. ಪೊಟ್ಟಣದಲ್ಲಿ ಕಡೆಯ ಕಡ್ಡಿ ಉಳಿದಿತ್ತು.

"ಕಾಂಬ ಮಾವ" ಅಂದು ಹಚ್ಚಿಕೊಂಡಳು. ಮೂರು ಅಕ್ಷರ, ಉಲ್ಟಾ, ನಿಧಾನವಾಗಿ. ಮುಗಿಸಿ ಉರಿಯುವ ಕಡ್ಡಿಯನ್ನು ಮುಖದ ಹತ್ತಿರ ಹಿಡಿದು ಅಲುಗದೆ ನಿಂತಳು. ಪರದೆಯಲ್ಲಿ "ಕಡಲು" ನೆಟ್ಟಗೆ ಇತ್ತು, ಕೆಳಗೆ ಒದ್ದೆ ಮರಳಲ್ಲಿ ಇನ್ನೊಂದು. ಪಕ್ಕದಲ್ಲಿ ಅವಳ ಮುಖ, ಉಸಿರು ಬಿಗಿಹಿಡಿದು ಉಬ್ಬಿದ ಕೆನ್ನೆ. ನೀರು ನಮ್ಮ ಪಾದ ದಾಟಿ ಹೋಗಿತ್ತು, ಇಬ್ಬರಿಗೂ ಗೊತ್ತೇ ಆಗಿರಲಿಲ್ಲ.