ಎದ್ದು ಬರಬಾರದಿತ್ತಾ ಮಾರಾಯಾ?

ರಜೆಯಲ್ಲಿ ಕುಂದಾಪುರಕ್ಕೆ ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ, "ಸ್ಪೇನಲ್ಲಿ ಗೂಳಿ ಕಾಳಗ ನೋಡಿದ್ದೀಯಂತೆ, ಹೌದಾ?" ಹೌದು ಅಂದರೆ ಮುಂದಿನ ಪ್ರಶ್ನೆ ತಪ್ಪಿದ್ದಲ್ಲ: "ಕೊಲ್ಲುವುದನ್ನು ನೋಡಿಕೊಂಡು ಹೇಗೆ ಕೂತೆ? ಎದ್ದು ಬರಬಾರದಿತ್ತಾ ಮಾರಾಯಾ?"

ಬಾಯಲ್ಲಿ ಹೇಳಲು ಹೋದರೆ ಅರ್ಧಕ್ಕೇ ಮಾತು ಕಂಬಳದ ಕಡೆ ತಿರುಗಿ ಜಗಳವಾಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

2016ರ ಮಾರ್ಚ್. ಕಂಟೇನರ್ ಹಡಗಿನಲ್ಲಿ ಥರ್ಡ್ ಎಂಜಿನಿಯರ್ ಆಗಿದ್ದೆ. ಈ ಹಡಗುಗಳಲ್ಲಿ ಇರುವವರಿಗೆ ಊರು ನೋಡುವ ಯೋಗ ಕಡಿಮೆ, ಬಂದರಿನ ಕ್ರೇನ್ ನೋಡಿದ್ದೇ ಜಾಸ್ತಿ. ಅವತ್ತು ವಲೆನ್ಸಿಯಾದಲ್ಲಿ ಲೋಡಿಂಗ್ ಮುಗಿಯುವುದು ನಡುರಾತ್ರಿ ಅಂತಾಯಿತು. ರಾತ್ರಿ ಹತ್ತರವರೆಗೆ ಶೋರ್ ಲೀವ್, ಅಂದರೆ ಹಡಗಿನಿಂದ ಇಳಿದು ಊರು ಸುತ್ತಲು ಬಿಡುವು. ಊರಲ್ಲಿ ಫಾಯಾಸ್ ಹಬ್ಬ. ಮಧ್ಯಾಹ್ನ ಎರಡಕ್ಕೆ ಪಟಾಕಿ ಹೊಡೆಯುತ್ತಾರೆ, ಹಗಲಲ್ಲಿ! ನೋಡುವುದಕ್ಕಲ್ಲ, ಸದ್ದಿಗೆ. ಆ ಹೊಗೆಯ ವಾಸನೆ ಮೂಗಲ್ಲಿ ಇಟ್ಟುಕೊಂಡೇ ರೈಲು ನಿಲ್ದಾಣದ ಪಕ್ಕದ ಗೂಳಿ ಕಾಳಗದ ಅಖಾಡಕ್ಕೆ ಹೋದೆ. ಇಟ್ಟಿಗೆಯ ದುಂಡು ಕಟ್ಟಡ. ನೆರಳಿನ ಕಡೆ ಟಿಕೆಟ್ ದುಬಾರಿ, ಬಿಸಿಲಿನ ಕಡೆ ಅಗ್ಗ. ಬಿಸಿಲು ನಮಗೇನು ಹೊಸದಾ? ಬಾಡಿಗೆಗೆ ಒಂದು ದಿಂಬು ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತೆ. ಎಡಗಡೆ ಒಬ್ಬ ಅಜ್ಜ, ಅವನಾಚೆ ಮೊಮ್ಮಗಳು.

ಒಂದು ಸಂಜೆಗೆ ಆರು ಗೂಳಿ, ಮೂವರು ಮತಾದೋರ್, ಅಂದರೆ ಬಟ್ಟೆ ಬೀಸಿ ಆಡಿಸಿ ಕೊನೆಗೆ ಕತ್ತಿಯಿಂದ ಗೂಳಿಯನ್ನು ಕೊಲ್ಲುವವರು. ಒಬ್ಬೊಬ್ಬನಿಗೆ ಎರಡೆರಡು. ಪ್ರತಿ ಗೂಳಿ ಬರುವ ಮೊದಲು ಒಂದು ಹಲಗೆಯಲ್ಲಿ ಅದರ ಹೆಸರು, ತೂಕ ಬರೆದು ತೋರಿಸುತ್ತಾರೆ. ಎಲ್ಲವೂ ಐನೂರು ಕಿಲೋ ದಾಟಿದವು. ಕೆಂಪು ಕಂಡರೆ ಗೂಳಿಗೆ ಸಿಟ್ಟು ಅನ್ನುವುದು ಸುಳ್ಳು. ಅದು ನುಗ್ಗುವುದು ಅಲುಗಾಡುವ ಬಟ್ಟೆಗೆ. ಮೊದಲು ಬೀಸುವ ದೊಡ್ಡ ಬಟ್ಟೆ ಗುಲಾಬಿ, ಹಳದಿ. ಕೆಂಪು ಬಟ್ಟೆ ಬರುವುದು ಕೊನೆಗೆ.

ಮೊದಲ ಗೂಳಿಗೆ ನಾನು ಅರ್ಧ ಕಣ್ಣು ಮುಚ್ಚಿದ್ದೆ. ಕುದುರೆ ಮೇಲಿನವನು ಈಟಿಯಿಂದ ಅದರ ಕುತ್ತಿಗೆಯ ದಪ್ಪ ಮಾಂಸಕ್ಕೆ ಚುಚ್ಚುತ್ತಾನೆ, ತಲೆ ತಗ್ಗಲಿ ಅಂತ. ಕುದುರೆಯ ಕಣ್ಣಿಗೆ ಪಟ್ಟಿ, ಮೈಗೆ ದಪ್ಪ ಮೆತ್ತೆ. ಆ ಮೆತ್ತೆ ಕಡ್ಡಾಯವಾಗಿದ್ದು 1928ರಲ್ಲಿ. ಅದಕ್ಕೂ ಮೊದಲು ಅಖಾಡದಲ್ಲೇ ಕುದುರೆಗಳ ಹೊಟ್ಟೆ ಸೀಳಿಹೋಗುತ್ತಿತ್ತು. ಆಮೇಲೆ ಬಣ್ಣದ ಕಾಗದ ಸುತ್ತಿದ ಕೊಕ್ಕೆ ಕೋಲುಗಳನ್ನು ಓಡಿಬಂದು ಬೆನ್ನಿಗೆ ಚುಚ್ಚುತ್ತಾರೆ. ಕೊನೆಗೆ ಕತ್ತಿ. ಆ ಕತ್ತಿ ಒಂದೇ ಸಲಕ್ಕೆ ಸರಿಯಾಗಿ ಇಳಿಯಲಿಲ್ಲ. ಮೂರು ಸಲ. ಬಾಯಿಂದ ರಕ್ತ ಬಂತು. ಹೇಸರಗತ್ತೆಗಳು ಬಂದು ಎಳೆದುಕೊಂಡು ಹೋದವು, ಮರಳು ಸರಿ ಮಾಡಿದರು. ಒಟ್ಟು ಇಪ್ಪತ್ತು ನಿಮಿಷ.

ಆಗ ಎದ್ದು ಬರಬಹುದಿತ್ತು. ನಿಜ. ಬರಲಿಲ್ಲ.

ಅಜ್ಜ ಅಷ್ಟರಲ್ಲಿ ನನಗೆ ಪಾಠ ಶುರು ಮಾಡಿದ್ದ. ಅವನಿಗೆ ಇಂಗ್ಲಿಷ್ ಇಲ್ಲ, ನನಗೆ ಸ್ಪ್ಯಾನಿಶ್ ಇಲ್ಲ, ಎಲ್ಲ ಕೈಸನ್ನೆ. ಮತಾದೋರನ ಪಾದ ನೋಡು ಅಂತ ತೋರಿಸಿದ. ಪಾದ ಅಲುಗಿದರೆ ಮುಖ ಹುಳ್ಳಗೆ ಮಾಡುತ್ತಿದ್ದ. ಗೂಳಿ ಪಕ್ಕೆ ಸವರಿಕೊಂಡು ಹೋದರೂ ಅಲುಗದಿದ್ದರೆ "ಓಲೇ", ಅಂದರೆ ಶಭಾಶ್. ಎರಡನೇ ಗೂಳಿ ಮುಗಿಯುವಷ್ಟರಲ್ಲಿ ನನಗೆ ಒಳ್ಳೆ ಕೆಲಸ ಯಾವುದು, ಕಳ್ಳ ಕೆಲಸ ಯಾವುದು ಅಂತ ಗೊತ್ತಾಗತೊಡಗಿತ್ತು. ಮೂರನೆಯದಕ್ಕೆ ಈಟಿಯವನು ಜಾಸ್ತಿ ಹೊತ್ತು ಒತ್ತಿಹಿಡಿದಾಗ ಬಿಸಿಲಿನ ಕಡೆಯವರೆಲ್ಲ ಸಿಳ್ಳೆ ಹಾಕಿ ಬೈದರು. ನಾನೂ ಹಾಕಿದೆ. ಗೂಳಿಗೆ ನೋವಾಯಿತು ಅಂತಲ್ಲ. ಅದರ ಶಕ್ತಿ ಇಳಿದುಹೋದರೆ ಮುಂದಿನ ಆಟ ಕೆಡುತ್ತದಲ್ಲ, ಅದಕ್ಕೆ.

ಮೂರನೇ ಗೂಳಿ ಆದಮೇಲೆ ಅಲ್ಲಿ ತಿಂಡಿ ತಿನ್ನುವ ರೂಢಿ. ಎಲ್ಲರ ಚೀಲದಿಂದಲೂ ಕಾಗದದಲ್ಲಿ ಸುತ್ತಿದ ಬ್ರೆಡ್ಡು ಹೊರಗೆ ಬಂತು. ಅಜ್ಜ ತನ್ನದನ್ನು ಮುರಿದು ಅರ್ಧ ಕೊಟ್ಟ. ಒಳಗೆ ಆಲೂಗಡ್ಡೆ, ಮೊಟ್ಟೆ. ಕೆಳಗೆ ಮರಳಲ್ಲಿ ಗೂಳಿಯನ್ನು ಎಳೆದೊಯ್ದ ಗುರುತನ್ನು ಇನ್ನೂ ಸವರುತ್ತಿದ್ದರು. ನಾನು ತಿಂದೆ. ಹಸಿವಾಗಿತ್ತು, ಚೆನ್ನಾಗಿಯೂ ಇತ್ತು. ಹಾಗಾಗಿ ಉತ್ತರ ಬೇಕು ಅಂದರೆ ಇದೇ: ಎದ್ದು ಬರಲು ಆಗಲಿಲ್ಲ ಅಂತಲ್ಲ, ಬರಬೇಕು ಅನ್ನುವುದೇ ಅಷ್ಟರಲ್ಲಿ ಮರೆತುಹೋಗಿತ್ತು. ಒಂದು ಗಂಟೆ ಸಾಕಾಯಿತು ಅದಕ್ಕೆ. ಆರೂ ನೋಡಿದೆ.

ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಹುಲ್ಲುಗಾವಲಿನಲ್ಲಿ ನಾಲ್ಕೈದು ವರ್ಷ ಬೆಳೆಯುವ ಆ ಗೂಳಿ, ಬಟ್ಟೆ ಹಿಡಿದು ನೆಲದ ಮೇಲೆ ನಿಂತ ಮನುಷ್ಯನನ್ನು ಆ ದಿನದವರೆಗೆ ನೋಡಿರುವುದೇ ಇಲ್ಲ. ನೋಡಿದ್ದರೆ ಬಟ್ಟೆ ಬಿಟ್ಟು ಮನುಷ್ಯನಿಗೇ ನುಗ್ಗುತ್ತದೆ, ಅಷ್ಟು ಬೇಗ ಕಲಿಯುತ್ತದೆ. ಕಲಿಯುವಷ್ಟರಲ್ಲಿ ಮುಗಿಸಬೇಕು, ಅದೇ ಆಟ. ಮುಂಚೆಯೇ ಗೊತ್ತಿದ್ದರೆ ಒಳಗೆ ಹೋಗುತ್ತಿರಲಿಲ್ಲವಾ? ಹೋಗುತ್ತಿದ್ದೆ ಅನಿಸುತ್ತದೆ.

"ಅದನ್ನು ಬ್ಯಾನ್ ಮಾಡಿಲ್ವಾ?" ಅಂತಲೂ ಕೇಳುತ್ತಾರೆ. ಸ್ಪೇನಿನ ಕತಲೋನಿಯಾ ಪ್ರಾಂತ್ಯದಲ್ಲಿ 2010ರಲ್ಲಿ ಬ್ಯಾನ್ ಮಾಡುವ ಕಾನೂನು ಮಾಡಿದ್ದರು. 2016ರಲ್ಲಿ ಸ್ಪೇನಿನ ಸಾಂವಿಧಾನಿಕ ಕೋರ್ಟ್ ಅದನ್ನು ರದ್ದು ಮಾಡಿತು. ಸ್ಪೇನಿನ ಉಳಿದ ಹೆಚ್ಚಿನ ಕಡೆ ನಡೆಯುತ್ತಲೇ ಇದೆ.

ಅಮ್ಮ ಮಾತ್ರ ಈ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಅವಳು ಗದ್ದೆಯ ಕೋಣಗಳಿಗೆ ಹುರುಳಿ ಬೇಯಿಸಿ ಹಾಕಿದವಳು. ಪೂರ್ತಿ ಕೇಳಿಸಿಕೊಂಡು, "ಅವುಗಳ ಹೆಸರೇನು?" ಅಂದಳು. ಹಲಗೆ ಮೇಲೆ ಆರನ್ನೂ ಓದಿದ್ದೆ. ಒಂದೂ ನೆನಪಾಗಲಿಲ್ಲ. ಮೊದಲನೆಯದರ ತೂಕ ಮಾತ್ರ ನೆನಪಿತ್ತು, 530 ಕಿಲೋ.