ಹತ್ರ ಐತಿ ಅಂತನ ದೂರ ಬರ್ತೀನ್ರೀ

ಮಂಗಳವಾರದಿಂದ ಒಂದೇ ಮಾತು ತಲೆಯಲ್ಲಿ ತಿರುಗುತ್ತಿದೆ.

ಅತ್ತೆಯ ರಿಪೋರ್ಟ್ ತರಲು ಬೆಳಗಾವಿಗೆ ಹೋಗಿದ್ದೆ. ವಾಪಸ್ ಬರುವಾಗ ಬಾಗಲಕೋಟೆ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಣ್ಣುಮಗಳು, ನೇಸರಗಿ ದಾಟಿದ ಮೇಲೆ, ಚೀಲದಿಂದ ಒಂದು ಪುಸ್ತಕ ತೆಗೆದು ಮುಂದೆ ಹಿಡಿದಳು. "ಅಕ್ಕಾರ, ಮುಂದಿನ ತಾರೀಖು ಯಾವುದು ಬರದಾರ, ಚೂರು ನೋಡಿ ಹೇಳ್ರಿ."

ಹೇಳಿದೆ. ಮೂರು ತಿಂಗಳ ನಂತರದ್ದು. ಮೇಲೆ ಎ.ಆರ್.ಟಿ. ಅಂತಿತ್ತು. ಎಚ್‌ಐವಿಯ ಮಾತ್ರೆ. ಪುಸ್ತಕ ವಾಪಸ್ ಕೊಟ್ಟವಳೇ ಕೈಯನ್ನು ಸೀರೆಗೆ ಒರೆಸಿಕೊಂಡೆ. ಮುಟ್ಟಿದರೆ ಬರೋದಿಲ್ಲ ಅಂತ ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುವ ಟೀಚರ್ ನಾನು! ಆಕೆ ನೋಡಿದಳು. ಏನೂ ಅನ್ನಲಿಲ್ಲ.

ನಾಚಿಕೆಗೆ ಏನಾದರೂ ಮಾತಾಡಬೇಕಿತ್ತು. "ಇಷ್ಟು ದೂರ ಯಾಕ ಬರ್ತೀರಿ? ನಿಮ್ಮ ಕಡೆ ಹತ್ರದಾಗ ಸಿಗಂಗಿಲ್ಲೇನು?"

"ಸಿಗತೈತ್ರಿ. ಹತ್ರ ಐತಿ ಅಂತನ ದೂರ ಬರ್ತೀನ್ರೀ."

ಆ ಹತ್ತಿರದ ದವಾಖಾನೆಯಲ್ಲಿ ಚೀಟಿ ಬರೆಯುವವನು ಆಕೆಯ ಓಣಿಯವನೇ ಅಂತೆ. ಓದಲು ಬಾರದ ಪುಸ್ತಕವನ್ನು ಊರಲ್ಲಿ ಯಾರಿಗೂ ತೋರಿಸದೆ, ಬಸ್ಸಿನಲ್ಲಿ ಗುರುತಿಲ್ಲದ ನನಗೆ ಕೊಟ್ಟಿದ್ದೂ ಅದಕ್ಕೇ ಇರಬೇಕು.

ಈ ಮಾತ್ರೆ ಸರ್ಕಾರ ಪುಕ್ಕಟೆ ಕೊಡಲು ಶುರು ಮಾಡಿದ್ದು 2004ರಲ್ಲಿ. ಈಗ ಬಹಳ ಜನರಿಗೆ ದಿನಕ್ಕೆ ಒಂದೇ ಮಾತ್ರೆ. 2023ರ ಜೂನ್‌ನಿಂದ ಆಕೆಗೆ ಬಸ್ಸೂ ಪುಕ್ಕಟೆ. ಯಾರ ಎಚ್‌ಐವಿ ವಿಷಯವನ್ನೂ ಒಪ್ಪಿಗೆಯಿಲ್ಲದೆ ಬಾಯಿಬಿಡಬಾರದು ಅಂತ 2017ರ ಕಾಯ್ದೆ ಬೇರೆ. ಎಲ್ಲಾ ಇದೆ. ಆದರೆ ಕಟ್ಟೆ ಮೇಲೆ ಕೂತವರಿಗೆ ಯಾವ ಕಾಯ್ದೆ? ದವಾಖಾನೆಯ ಯಾವ ಬಾಗಿಲ ಮುಂದೆ ಯಾರು ನಿಂತಿದ್ದರು ಅನ್ನೋದು ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಅವರ ಬಾಯಿಗೆ ಹೆದರಿ ಈಕೆ ಒಂದು ದಿನದ ಕೂಲಿ ಬಿಡಬೇಕು.

ಯರಗಟ್ಟಿಯಲ್ಲಿ ಬಸ್ ನಿಂತಾಗ ಮೂರು ಡಬ್ಬಿ ತೆಗೆದಳು. ಒಂದೊಂದರಲ್ಲೂ 30 ಮಾತ್ರೆ. ಉಗುರಿನಿಂದ ಲೇಬಲ್ ಕೆರೆದಳು. ಆಮೇಲೆ ಮುಚ್ಚಳ ತೆಗೆದು ಅರಳೆ ತುರುಕಿದಳು.

"ಸಪ್ಪಳ ಆಗಬಾರದಲ್ರೀ."

"ಮನ್ಯಾಗ ಏನ್ ಹೇಳಿ ಬರ್ತೀರಿ?"

"ಎಲ್ಲಮ್ಮನ ಗುಡ್ಡಕ್ಕ ಅಂತ."

ಗುಡ್ಡ ಇರುವ ಸವದತ್ತಿಯ ದಾರಿ ಯರಗಟ್ಟಿಯಲ್ಲೇ ಒಡೆಯೋದರಿಂದ ಸುಳ್ಳು ಸರಿಯಾಗಿ ಕೂರುತ್ತದೆ. ಬೆಳಗಾವಿ ಪೇಟೆಯಲ್ಲಿ ಒಂದು ಪೊಟ್ಟಣ ಭಂಡಾರ, ಅಂದರೆ ಅರಿಶಿನ ಪುಡಿ, ಕೊಂಡು, ಊರಲ್ಲಿ ಪ್ರಸಾದ ಅಂತ ಹಂಚುತ್ತಾಳೆ. ಓಣಿಯವರು ಆಕೆಯನ್ನು ಭಾರಿ ಭಕ್ತೆ ಅಂತಾರಂತೆ. ಆ ಚೀಟಿ ಬರೆಯುವವನ ಹೆಂಡತಿ ಎರಡು ಸಲ ಕೇಳಿ ಇಸ್ಕೊಂಡಿದ್ದಾಳಂತೆ! ಇಬ್ಬರೂ ಜೋರಾಗಿ ನಕ್ಕೆವು. ಕಂಡಕ್ಟರ್ ತಿರುಗಿ ನೋಡಿದ.

ಲೋಕಾಪುರದಲ್ಲಿ ಇಳಿಯುವ ಮುಂಚೆ ಪೊಟ್ಟಣ ಬಿಚ್ಚಿ ನನ್ನ ಮುಂದೆ ಹಿಡಿದಳು. "ಗುಡ್ಡದ್ದಲ್ರೀ, ಪ್ಯಾಟಿದು."

ಒರೆಸಿಕೊಂಡಿದ್ದ ಆ ಕೈಯಿಂದಲೇ ತೆಗೆದು ಹಣೆಗೆ ಹಚ್ಚಿಕೊಂಡೆ.

ಮನೆಗೆ ಬಂದಾಗ ಅತ್ತೆ ಮುಖ ನೋಡಿ ಕೇಳಿದರು, "ಗುಡ್ಡಕ್ಕ ಹೋಗಿದ್ದೇನ?"

ಹೂಂ ಅಂದೆ.